ವಾಷಿಂಗ್ಟನ್ನನ ಕೊನೆಯ ಹಲ್ಲು

ಅಮೆರಿಕಾ ಸಂಯುಕ್ತ ಸಂಸ್ಥಾನದ ಒಂದು ಡಾಲರಿನ ನೋಟನ್ನು ನೋಡಿದವರಿಗೆ ಜಾರ್ಜ್ ವಾಷಿಂಗ್ಟನ್ನನ ಮುಖದ ಪರಿಚಯವುಂಟು. ಬಿಗಿದ ತುಟಿ, ಉಬ್ಬಿದ ಬಾಯಿ. ಬಹು ಕಠಿಣನಾದ ಮನುಷ್ಯನೆಂದು ತೋರುತ್ತದೆ. ೧೭೯೬ರಲ್ಲಿ ಗಿಲ್ಬರ್ಟ್ ಸ್ಟೂಅರ್ಟನು ಬರೆದ ಚಿತ್ರದ ಪ್ರತಿಕೃತಿಯದು. ಆ ಕಾಠಿಣ್ಯದಲ್ಲಿ ಸ್ವಭಾವದ ಪಾಲೆಷ್ಟೋ ಕಟ್ಟಿಸಿಕೊಂಡ ಹಲ್ಲಿನ ಪಾಲೂ ಅಷ್ಟೇ ಎಂದರೆ ಶ್ರೋತೃಗಳು ನಗಬಹುದು. ಆದರೆ ಮಾತು ನಿಜ.

ಆತನು ಹಲ್ಲು ಕೀಳಿಸಿದ ಮೊದಲ ಲೆಕ್ಕ ೧೭೫೬ರದು. ಆಗ ವಯಸ್ಸು ೨೪. ವೈದ್ಯನಿಗೆ ಕೊಟ್ಟದ್ದು ಐದು ಷಿಲಿಂಗು. ಉದಾಸೀನದಿಂದ ಕೆಟ್ಟ ಬಾಯಲ್ಲ ಅದು. ಕುಂಚಗಳನ್ನೂ ವಸಡಿನ ಔಷಧಗಳನ್ನೂ ಲಂಡನ್ನಿನಿಂದ ತರಿಸುತ್ತಿದ್ದವನು ಆತ. ಯುದ್ಧಕಾಲದಲ್ಲಿಯೂ ಈ ಚಿಂತೆ ಬಿಡಲಿಲ್ಲ: ೧೭೮೧ರಲ್ಲಿ ಹಲ್ಲು ಕೆರೆಯುವ ಸಲಾಕೆಗಳು ಬೇಕೆಂದು ದಂತವೈದ್ಯನಿಗೆ ಬರೆದ ಕಾಗದವು ಶತ್ರುಗಳಾದ ಆಂಗ್ಲರ ಕೈಗೆ ಬಿತ್ತು. ೧೭೮೯ನೆಯ ಏಪ್ರಿಲ್ ೩೦ರಂದು, ತನ್ನ ೫೭ನೆಯ ವಯಸ್ಸಿನಲ್ಲಿ ಪ್ರಥಮಾಧ್ಯಕ್ಷನಾಗಿ ಪ್ರಮಾಣವಚನವನ್ನು ಸ್ವೀಕರಿಸಿದಾಗ ಬಾಯಲ್ಲಿ ಉಳಿದಿದ್ದ ಸ್ವಂತ ಹಲ್ಲು ಒಂದೇ ಒಂದು. ಜಾನ್ ಗ್ರೀನ್‌ವುಡ್ಡನೆಂಬ ವೈದ್ಯನು ಅದು ತೂರುವಂತೆ ರಂಧ್ರವನ್ನು ಬಿಟ್ಟು ಕೆಳಸಾಲನ್ನು ಕಟ್ಟಿದ್ದನು. ೧೭೯೬ರಲ್ಲಿ ಅದನ್ನೂ ಕೀಳಬೇಕಾಯಿತು.

ಆ ಹಲ್ಲುಗಳು ಮರದವೆಂಬುದು ಕಟ್ಟುಕಥೆ. ಮರದ ಹಲ್ಲು ನಿಜವಾಗಿ ಇದ್ದದ್ದು ಜಪಾನಿನಲ್ಲಿ; ೧೫೩೮ರಲ್ಲಿ ತೀರಿಕೊಂಡ ಸನ್ಯಾಸಿನಿಯೊಬ್ಬಳ ಮರದ ಹಲ್ಲುಸಾಲು ಇನ್ನೂ ಉಳಿದಿದೆ. ವಾಷಿಂಗ್ಟನ್ನನವು ನೀರುಕುದುರೆಯ ದಂತ, ಸೀಸ, ಚಿನ್ನದ ತಂತಿ ಮೊದಲಾದವುಗಳಿಂದಾದವು. ಮೇಲುಸಾಲು ಕೆಳಸಾಲುಗಳನ್ನು ಹಿಂಬದಿಯಲ್ಲಿ ಸ್ಪ್ರಿಂಗುಗಳು ಕೂಡಿಸಿದ್ದುವು. ಅವು ಸದಾ ತೆರೆದುಕೊಳ್ಳಲು ಒತ್ತುತ್ತಿದ್ದುದರಿಂದ, ಬಾಯಿ ಮುಚ್ಚಿರಬೇಕಾದರೆ ದವಡೆ ಬಿಗಿಹಿಡಿದೇ ಇರಬೇಕು. ಸಭೆಯಲ್ಲಿ ಮಾತನಾಡಬೇಕಾದವನ ಪಾಡನ್ನು ಊಹಿಸಬಹುದು! ಸಾಲುಗಳು ತುಟಿಯನ್ನು ಮುಂದಕ್ಕೆ ದೂಡುತ್ತವೆಂದು ೧೭೯೮ರಲ್ಲಿ ಆತನು ದೂರಿ ಬರೆದನು. ಅವು ಕಪ್ಪಾದುದಕ್ಕೆ ಪೋರ್ಟ್ ಮದ್ಯವೇ ಕಾರಣ, ಅದರ ಹುಳಿಯು ಹೊಳಪನ್ನು ತಿನ್ನುತ್ತದೆ ಎಂದು ಗ್ರೀನ್‌ವುಡ್ಡನು ಉತ್ತರಿಸಿದನು.

ಇವುಗಳಲ್ಲಿ ಮನುಷ್ಯರ ಹಲ್ಲುಗಳೂ ಇದ್ದುವು. ನಗು ಇಲ್ಲಿಗೆ ನಿಲ್ಲುತ್ತದೆ. ೧೭೮೪ರ ಆತನ ಲೆಕ್ಕದ ಪುಸ್ತಕದಲ್ಲಿ, ಕರಿಯರಿಂದ ತೆಗೆದುಕೊಂಡ ಒಂಬತ್ತು ಹಲ್ಲುಗಳಿಗಾಗಿ ೬ ಪೌಂಡು ೨ ಷಿಲಿಂಗು ಸಂದಾಯವಾದ ಉಲ್ಲೇಖವಿದೆ. ಅಂದರೆ ಹಲ್ಲೊಂದಕ್ಕೆ ಹದಿನಾಲ್ಕು ಷಿಲಿಂಗಿಗೂ ಕಡಮೆ. ಆ ಕಾಲದಲ್ಲಿಯೇ ಲ ಮೇಯರನೆಂಬ ಫ್ರೆಂಚ್ ದಂತವೈದ್ಯನು ಮುಂದಿನ ಹಲ್ಲೊಂದಕ್ಕೆ ಎರಡು ಗಿನಿ ಕೊಡುವೆನೆಂದು ಪತ್ರಿಕೆಯಲ್ಲಿ ಪ್ರಕಟಿಸಿ, ‘ಗುಲಾಮರ ಹೊರತು’ ಎಂದು ಸೇರಿಸಿದ್ದನು. ಮಾರಲು ಒಲ್ಲೆನೆನ್ನುವ ಸ್ವಾತಂತ್ರ್ಯ ಗುಲಾಮನಿಗೆಲ್ಲಿಯದು? ಜನತೆಯ ಸ್ವಾತಂತ್ರ್ಯಕ್ಕೆ ಹೋರಾಡಿದವನ ಲೆಕ್ಕದ ಪುಸ್ತಕದಲ್ಲಿ ಈ ಪಂಕ್ತಿಯನ್ನು ದಾಟಿಹೋಗುವುದು ನನಗಂತೂ ಸಾಧ್ಯವಾಗದು.

ಇಷ್ಟು ಎಚ್ಚರವಿದ್ದೂ ಆತನ ಹಲ್ಲೇಕೆ ಉಳಿಯಲಿಲ್ಲ? ಮುಖ್ಯವಾಗಿ, ಶತ್ರುವಾರೆಂಬುದೇ ಆಗ ತಿಳಿದಿರಲಿಲ್ಲ. ಬಾಯಲ್ಲಿನ ಸೂಕ್ಷ್ಮಜೀವಿಗಳು ಸಕ್ಕರೆ ಹಿಟ್ಟುಗಳನ್ನು ಆಮ್ಲವಾಗಿಸುತ್ತವೆ, ಆ ಆಮ್ಲವು ಹಲ್ಲನ್ನು ಕರಗಿಸುತ್ತದೆ ಎಂಬುದನ್ನು ಬರ್ಲಿನ್ನಿನಲ್ಲಿದ್ದ ಮಿಲ್ಲರನು ಗ್ರಂಥವಾಗಿ ಪ್ರಕಟಿಸಿದ್ದು ೧೮೯೦ರಲ್ಲಿ. ವಯಸ್ಸಾದಂತೆ ವಸಡು ಇಳಿದು ಬೇರು ಹೊರಬೀಳುತ್ತದೆ. ಬೇರಿಗೆ ಮೇಲ್ಭಾಗದ ಗಟ್ಟಿ ಹೊದಿಕೆಯಿಲ್ಲ. ಅನೇಕ ಔಷಧಗಳಿಂದ ಜೊಲ್ಲೂ ಬತ್ತುತ್ತದೆ. ಆದುದರಿಂದ ಮುದುಕರಿಗೆ ಫ್ಲೋರೈಡುಳ್ಳ ಲೇಪದಿಂದ ದಿನಕ್ಕೆರಡು ಸಲ ಉಜ್ಜುವುದೂ, ಹಲ್ಲಿನ ಸಂದುಗಳನ್ನು ಬಿಡಿಸುವುದೂ ತರುಣರಿಗಿಂತ ಹೆಚ್ಚು ಅವಶ್ಯಕ. ಕಟ್ಟಿಸಿಕೊಂಡವರು ರಾತ್ರಿ ಹಲ್ಲುಸಾಲನ್ನು ತೆಗೆದು ತೊಳೆದಿಡತಕ್ಕದ್ದು.

ಮರದ ಹಲ್ಲು ಕೆತ್ತಿದ ಆ ಜಪಾನಿನಲ್ಲಿಯೇ, ಎಂಬತ್ತನೆಯ ವಯಸ್ಸಿನಲ್ಲಿ ಇಪ್ಪತ್ತು ಸ್ವಂತ ಹಲ್ಲುಗಳಿರಬೇಕೆಂಬ ಸಂಕಲ್ಪದೊಡನೆ ೧೯೮೯ರಲ್ಲಿ ಒಂದು ಚಳವಳಿ ಆರಂಭವಾಯಿತು. ಆಗ ಆ ಭಾಗ್ಯವಿದ್ದವರು ಹತ್ತರಲ್ಲಿ ಒಬ್ಬರಿಗೂ ಕಡಮೆ. ೨೦೧೬ರ ಸಮೀಕ್ಷೆಯಲ್ಲಿ, ಎಂಬತ್ತರ ಆಸುಪಾಸಿನವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಇಪ್ಪತ್ತು ಹಲ್ಲುಗಳಿದ್ದುವು.