ಮಂಗಳದಲ್ಲಿ ಮನೆ ಹೂಡುವ ಮುನ್ನ

"ಈ ಸಲ ಇತಿಹಾಸದ ವಿಷಯವಾಗಿ ಏನಾದರೂ ಬರೆದುಕೊಡಿ" ಎಂದು ಸಂಪಾದಕ ಮಿತ್ರರು ಕೇಳಿದರು. ರಸಾಯನಶಾಸ್ತ್ರವನ್ನು ನೆಚ್ಚಿ ಹೊಟ್ಟೆ ಹೊರೆಯುತ್ತಿರುವ ನಮಗೆ ಹೊಯ್ಸಳರನ್ನು ಕುರಿತಾಗಲಿ ಕೆಳದಿಯ ನಾಯಕರನ್ನು ಕುರಿತಾಗಲಿ ಬರೆಯುವ ಅಧಿಕಾರವಿಲ್ಲ. ಆದ್ದರಿಂದ ಇನ್ನೂ ನಡೆಯದೆ ಇರುವ ಒಂದು ಸಂಗತಿಯ ಇತಿಹಾಸವನ್ನು ಬರೆಯಲು ಹೊರಟಿದ್ದೇವೆ. ಮನುಷ್ಯ ಅನ್ಯಗ್ರಹಗಳಲ್ಲಿ ವಸಾಹತು ಹೂಡಬೇಕೆ? ಹೂಡುವುದಾದರೆ ಏನೇನು ಬೇಕು? ಈ ಪ್ರಶ್ನೆ ಕಾದಂಬರಿಕಾರರ ಸ್ವತ್ತೆಂದು ಅನೇಕರ ಭಾವನೆ. ಆದರೆ ನಾವು ವಾಸಿಸುವ ಡಾಲಸ್, ಹ್ಯೂಸ್ಟನ್, ಆಸ್ಟಿನ್ ನಗರಗಳಲ್ಲಿ ಕಳೆದ ಅರುವತ್ತು ವರ್ಷಗಳಿಂದ ಇದರ ಉತ್ತರ ತುಣುಕು ತುಣುಕಾಗಿ ಸಿದ್ಧವಾಗುತ್ತಿದೆ. ಅದರಲ್ಲಿ ಒಬ್ಬ ಕನ್ನಡಿಗರ ಪಾಲೂ ಉಂಟು.

ಮೊದಲು 'ವಸಾಹತು' ಎಂಬ ಮಾತನ್ನೇ ತೆಗೆದುಕೊಳ್ಳೋಣ. ಟೆಕ್ಸಸ್‌ನಲ್ಲಿ ಅದು ಅಪರಿಚಿತ ಪದವಲ್ಲ. ಆಸ್ಟಿನ್ ನಗರಕ್ಕೆ ಹೆಸರು ಕೊಟ್ಟ ಸ್ಟೀಫನ್ ಆಸ್ಟಿನ್ ವಸಾಹತು ಕಟ್ಟಿಯೇ ಹೆಸರಾದವನು. 1820ರ ದಶಕದಲ್ಲಿ ಮೆಕ್ಸಿಕೋ ಸರ್ಕಾರದ ಅನುಮತಿ ಪಡೆದು ಸುಮಾರು ಮುನ್ನೂರು ಕುಟುಂಬಗಳನ್ನು ಬ್ರಾಜೋಸ್ ಮತ್ತು ಕೊಲರಾಡೋ ನದಿಗಳ ಬಯಲಿನಲ್ಲಿ ನೆಲೆಗೊಳಿಸಿದನು. ಆ ಕರಾವಳಿಯ ಮೂಲನಿವಾಸಿಗಳಾದ ಕರಂಕಾವಾ ಜನರು ನೆಲ ಕಳೆದುಕೊಂಡರು. ಬಂದವರು ಪಟ್ಟ ಕಷ್ಟವೂ ಸಾಮಾನ್ಯವಲ್ಲ. ಆದರೂ ಅವರಿಗೆ ನದಿಯಲ್ಲಿ ನೀರಿತ್ತು, ಕಾಡಿನಲ್ಲಿ ಮರವೂ ಬೇಟೆಯೂ ಇದ್ದವು. ಉಸಿರಾಡುವ ಗಾಳಿಯನ್ನು ಯಾರೂ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬರಲಿಲ್ಲ. ಮಂಗಳ ಗ್ರಹದಲ್ಲಿ ನಾವು ತಿಳಿದ ಮಟ್ಟಿಗೆ ಒಕ್ಕಲೆಬ್ಬಿಸಲು ಯಾರೂ ಇಲ್ಲ. ಆದರೆ ಪುಕ್ಕಟೆಯಾಗಿ ಸಿಗುವುದೂ ಏನೂ ಇಲ್ಲ. ಅಲ್ಲಿನ ವಾಯುವಿನ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆ ವಾಯುವಿನಲ್ಲೂ ಶೇಕಡಾ 95ರಷ್ಟು ಇಂಗಾಲದ ಡೈಆಕ್ಸೈಡ್. ಹಳೆಯ ಮಾತನ್ನು ಹೊಸ ಜಾಗಕ್ಕೆ ಹೊತ್ತೊಯ್ಯುವಾಗ ಈ ಅಂತರವನ್ನು ಮರೆಯಬಾರದು.

1962ರ ಸೆಪ್ಟೆಂಬರ್ 12ರಂದು ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಅಧ್ಯಕ್ಷ ಕೆನೆಡಿ ಚಂದ್ರಯಾನದ ಸಂಕಲ್ಪವನ್ನು ಸಮರ್ಥಿಸಿ ಮಾತನಾಡಿದರು. ಮರುವರ್ಷ ನವೆಂಬರ್ 22ರಂದು ಡಾಲಸ್‌ನಲ್ಲಿ ಅವರ ಹತ್ಯೆಯಾಯಿತು. ಕೆಲಸವನ್ನು ಮುಂದುವರಿಸಿದವರು ಟೆಕ್ಸಸ್‌ನವರೇ ಆದ ಲಿಂಡನ್ ಜಾನ್ಸನ್. ಹ್ಯೂಸ್ಟನ್ನಿನ ಮಾನವ ವ್ಯೋಮಯಾನ ಕೇಂದ್ರಕ್ಕೆ 1973ರಲ್ಲಿ ಅವರದೇ ಹೆಸರಿಡಲಾಯಿತು.

ಇದೇ ಕಾಲದಲ್ಲಿ ಡಾಲಸ್ ನೆರೆಯ ರಿಚರ್ಡ್‌ಸನ್‌ನಲ್ಲಿ ಇನ್ನೊಂದು ಸಂಸ್ಥೆ ತಲೆಯೆತ್ತುತ್ತಿತ್ತು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಸ್ಥಾಪಕರು 1961ರಲ್ಲಿ ಆರಂಭಿಸಿದ ಆ ಸಂಶೋಧನಾ ಕೇಂದ್ರವೇ 1969ರಲ್ಲಿ ಡಾಲಸ್‌ನ ಟೆಕ್ಸಸ್ ವಿಶ್ವವಿದ್ಯಾಲಯವಾಯಿತು. ಅಲ್ಲಿ 1960ರ ದಶಕದ ಮಧ್ಯಭಾಗದಲ್ಲಿ ದುಡಿದವರಲ್ಲಿ ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಉಡುಪಿ ರಾಮಚಂದ್ರರಾಯರು ಒಬ್ಬರು. ವಿಕ್ರಮ್ ಸಾರಾಭಾಯಿ ಅವರ ಬಳಿ ವಿಶ್ವಕಿರಣಗಳ ಮೇಲೆ ಡಾಕ್ಟರೇಟ್ ಮುಗಿಸಿ ಎಂ.ಐ.ಟಿ. ಮೂಲಕ ಡಾಲಸ್‌ಗೆ ಬಂದಿದ್ದರು. 1965ರ ಡಿಸೆಂಬರ್ 16ರಂದು ಹಾರಿದ ಪಯೋನಿಯರ್ 6 ನೌಕೆಯಲ್ಲಿ ಮೆಕ್ರಾಕೆನ್, ಬಾರ್ಟ್‌ಲಿ ಮತ್ತು ರಾವ್ ಇವರ ವಿಶ್ವಕಿರಣ ಮಾಪಕ ಇತ್ತು. ಭೂಮಿಯಿಂದ ದೂರ, ಗ್ರಹಗಳ ನಡುವಣ ಬಯಲಿನಲ್ಲಿ ಈ ಕಿರಣಗಳು ಯಾವ ದಿಕ್ಕಿನಿಂದ ಹೇಗೆ ಹರಿದುಬರುತ್ತವೆಂಬುದನ್ನು ಅದು ಅಳೆಯಿತು. ರಾಯರು 1966ರಲ್ಲಿ ಸ್ವದೇಶಕ್ಕೆ ಮರಳಿದರು. ಪೀಣ್ಯದ ಶೆಡ್ಡುಗಳಲ್ಲಿ ಅವರ ನೇತೃತ್ವದಲ್ಲಿ ಸಿದ್ಧವಾದ ಆರ್ಯಭಟ 1975ರ ಏಪ್ರಿಲ್ 19ರಂದು ಆಕಾಶಕ್ಕೇರಿದ ಕಥೆ ನಮಗೆಲ್ಲ ಗೊತ್ತು. ಡಾಲಸ್‌ನ ಈ ಅಧ್ಯಾಯ ಅಷ್ಟಾಗಿ ಗೊತ್ತಿಲ್ಲ.

ಆ ಮಾಪನಗಳಿಗೂ ನಮ್ಮ ಪ್ರಶ್ನೆಗೂ ಏನು ಸಂಬಂಧವೆಂದರೆ, ಮಂಗಳದ ದಾರಿಯ ಮೊದಲ ಸುಂಕದಕಟ್ಟೆ ಈ ಕಿರಣಗಳದ್ದೇ. 1972ರ ಆಗಸ್ಟ್‌ನಲ್ಲಿ, ಅಪೊಲೊ 16 ಮತ್ತು 17ರ ನಡುವೆ, ಸೂರ್ಯನಲ್ಲಿ ಭಾರಿ ಸ್ಫೋಟಗಳಾದವು. ಆಗ ಚಂದ್ರನ ಮೇಲೆ ಯಾರೂ ಇರಲಿಲ್ಲವೆಂಬುದು ಅದೃಷ್ಟ. 2012ರಲ್ಲಿ ಮಂಗಳ ತಲುಪಿದ ಕ್ಯೂರಿಯಾಸಿಟಿ ದಾರಿಯುದ್ದಕ್ಕೂ ಅಳೆದ ವಿಕಿರಣ ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್. ಅಂದರೆ ಭೂಮಿಯ ಮೇಲೆ ನಿಸರ್ಗದಿಂದ ನಮಗೆ ಒಂದು ವರ್ಷದಲ್ಲಿ ಬರುವಷ್ಟು ಅಲ್ಲಿ ಎರಡು ದಿನಗಳೊಳಗೆ ಬರುತ್ತದೆ. ಹೋಗಿಬರುವ ಪ್ರಯಾಣದಲ್ಲೇ ಸುಮಾರು 660 ಆಗುತ್ತದೆ. ಗಗನಯಾತ್ರಿಯೊಬ್ಬನಿಗೆ ಜೀವಮಾನದಲ್ಲಿ 600ಕ್ಕಿಂತ ಹೆಚ್ಚಾಗಬಾರದೆಂದು 2022ರಲ್ಲಿ ನಾಸಾ ಕಟ್ಟು ಹಾಕಿದೆ. ಅಲ್ಲಿಗೆ ಸೇರಿದ ಮೇಲೂ ಕೆಲವು ಮೀಟರ್ ಮಣ್ಣಿನ ಮರೆಯಲ್ಲಿ ಬದುಕುವುದೇ ಕ್ಷೇಮ.

ಎರಡನೆಯ ಸುಂಕ ಗಾಳಿಯದು. 1967ರ ಜನವರಿ 27ರಂದು, ಅಪೊಲೊ 1ರ ತಾಲೀಮಿನಲ್ಲಿ, ಬರೀ ಆಮ್ಲಜನಕ ತುಂಬಿದ ಕೋಣೆಗೆ ಬೆಂಕಿ ಹತ್ತಿ ಗ್ರಿಸಮ್, ವೈಟ್, ಚಾಫಿ ಮೂವರೂ ಮಡಿದರು. ಉಸಿರಿಗೆ ಆಮ್ಲಜನಕವೊಂದೇ ಸಾಲದು, ಅದನ್ನು ಹದದಲ್ಲಿಡುವ ಸಾರಜನಕವೂ ಬೇಕೆಂಬ ಪಾಠಕ್ಕೆ ಮೂರು ಜೀವಗಳ ಬೆಲೆ ತೆರಬೇಕಾಯಿತು. 1995ರಲ್ಲಿ ಹ್ಯೂಸ್ಟನ್ನಿನ ಜಾನ್ಸನ್ ಕೇಂದ್ರದ ಮುಚ್ಚಿದ ಕೋಣೆಯೊಂದರಲ್ಲಿ ಒಬ್ಬರು 15 ದಿನ ಇದ್ದರು. ಅವರ ಉಸಿರಿಗೆ ಆಧಾರ 11 ಚದರ ಮೀಟರ್‌ನ ಗೋಧಿಯ ಪೈರು. 1997ರಲ್ಲಿ ನಾಲ್ವರು 91 ದಿನ ಇದ್ದರು. ಗೋಧಿ ಒಬ್ಬರ ಪಾಲಿನ ಗಾಳಿಯನ್ನು ಪೂರೈಸಿತು, ಮಿಕ್ಕವರದನ್ನು ಯಂತ್ರಗಳು ನೋಡಿಕೊಂಡವು. ಬಳಸಿದ ನೀರನ್ನೇ ಶುದ್ಧಿ ಮಾಡಿ ಮತ್ತೆ ಕುಡಿದರು. ಈ ವಿದ್ಯೆ ಮುಂದುವರಿದು 2023ರ ಹೊತ್ತಿಗೆ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ನೂರಕ್ಕೆ 98 ಪಾಲು ನೀರು ಮರಳಿ ಸಿಗುವಂತಾಯಿತು. ಉಳಿದ ಎರಡು ಪಾಲನ್ನು ಕೆಳಗಿನಿಂದ ಕಳಿಸಬಹುದು. ಮಂಗಳಕ್ಕಾದರೆ ಕಳಿಸುವ ಅವಕಾಶ ಸುಮಾರು 26 ತಿಂಗಳಿಗೊಮ್ಮೆ ಮಾತ್ರ.

ಮಂಗಳದಲ್ಲೇ ಆಮ್ಲಜನಕ ತಯಾರಿಸಲಾಗದೆ? ಆಗುತ್ತದೆ. ಪರ್ಸಿವೆರೆನ್ಸ್ ನೌಕೆಯಲ್ಲಿದ್ದ ಮಾಕ್ಸಿ ಎಂಬ ಉಪಕರಣ ಅಲ್ಲಿನ ಡೈಆಕ್ಸೈಡನ್ನು 800 ಡಿಗ್ರಿಗೆ ಕಾಯಿಸಿ ವಿದ್ಯುತ್ತಿನಿಂದ ಸೀಳಿತು. 2021ರಿಂದ 2023ರವರೆಗೆ ಹದಿನಾರು ಸಲ ಓಡಿ ಒಟ್ಟು 122 ಗ್ರಾಂ ಆಮ್ಲಜನಕ ಕೊಟ್ಟಿತು. ನಮ್ಮ ವೃತ್ತಿಯ ದೃಷ್ಟಿಯಿಂದ ಇದು ಬಹು ದೊಡ್ಡ ಸಾಧನೆ. ಆದರೆ ಲೆಕ್ಕ ಹಾಕಿ ನೋಡಿ: ಒಬ್ಬನಿಗೆ ದಿನಕ್ಕೆ ಬೇಕಾದದ್ದು ಸುಮಾರು 840 ಗ್ರಾಂ. ಆ ಎರಡು ವರ್ಷದ ಗಳಿಕೆ ಒಬ್ಬ ಮನುಷ್ಯನಿಗೆ ಮೂರೂವರೆ ಗಂಟೆಯ ಉಸಿರು.

ಮಣ್ಣಿನ ಕಥೆ ಇನ್ನೂ ಸ್ವಾರಸ್ಯದ್ದು. 2008ರಲ್ಲಿ ಮಂಗಳದ ಉತ್ತರದಲ್ಲಿ ಇಳಿದ ಫೀನಿಕ್ಸ್ ನೌಕೆಯಲ್ಲಿ ಡಾಲಸ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಮಾಸ್ ಸ್ಪೆಕ್ಟ್ರೋಮೀಟರ್ ಇತ್ತು. 1972ರಲ್ಲಿ ಅಪೊಲೊ 17 ಚಂದ್ರನಲ್ಲಿ ಇಟ್ಟುಬಂದ ಅಂಥದೇ ಉಪಕರಣವೂ ಅಲ್ಲಿಯದೇ. ಫೀನಿಕ್ಸ್ ಅಲ್ಲಿ ನೀರ್ಗಲ್ಲನ್ನು ಕಂಡಿತು. ಜೊತೆಗೆ ಅದರ ಇನ್ನೊಂದು ಉಪಕರಣ ಮಣ್ಣಿನಲ್ಲಿ ನೂರಕ್ಕೆ ಅರ್ಧ ಪಾಲಿನಷ್ಟು ಪರ್‌ಕ್ಲೋರೇಟ್ ಲವಣವಿರುವುದನ್ನೂ ಕಂಡಿತು. ಈ ಲವಣ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಸೇರದಂತೆ ತಡೆಯುತ್ತದೆ. ಬಸುರಿಯರಿಗೂ ಎಳೆಯ ಮಕ್ಕಳಿಗೂ ಇದರ ಅಪಾಯ ಹೆಚ್ಚು. ಡಾಲಸ್‌ನಿಂದ ಆಸ್ಟಿನ್‌ಗೆ ಹೋಗುವಾಗ ವೇಕೋ ಸಿಗುತ್ತದಲ್ಲವೆ, ಅದರ ಬಳಿಯ ಮೆಕ್‌ಗ್ರೆಗರ್‌ನಲ್ಲಿ ಹಿಂದೆ ನೌಕಾದಳದ ರಾಕೆಟ್ ಇಂಧನದ ಕಾರ್ಖಾನೆಯಿತ್ತು. ಇದೇ ಲವಣ ಅಲ್ಲಿನ ಅಂತರ್ಜಲಕ್ಕೆ ಇಳಿದು, ಶುದ್ಧಿ ಮಾಡಲು ವರ್ಷಗಳೇ ಹಿಡಿದವು. ಇಂದು ಅದೇ ನೆಲದಲ್ಲಿ ಸ್ಪೇಸ್ ಎಕ್ಸ್ ಕಂಪನಿ ತನ್ನ ಎಂಜಿನ್ನುಗಳನ್ನು ಪರೀಕ್ಷಿಸುತ್ತದೆ. ಮೆಕ್‌ಗ್ರೆಗರ್‌ನವರು ಬೇರೆಡೆಯಿಂದ ನೀರು ತಂದಾರು. ಮಂಗಳದಲ್ಲಿ ಬೇರೆಡೆ ಎಂಬುದಿಲ್ಲ.

ಬಂಜರು ನೆಲದಲ್ಲಿ ಹೊರಗಿನ ಬಲದಿಂದ ಊರು ಕಟ್ಟಿದ ನಿದರ್ಶನ ನಮ್ಮ ನಾಡಿನಲ್ಲೇ ಇದೆ: ಕೋಲಾರದ ಚಿನ್ನದ ಗಣಿ. 1880ರಿಂದ ಜಾನ್ ಟೇಲರ್ ಕಂಪನಿ ಗಣಿ ನಡೆಸಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ವಿದ್ಯುತ್ ತಂದರು. ಬೇತಮಂಗಲದಿಂದ ನೀರು ತಂದರು. ನೆಲದೊಳಗೆ ಮೂರು ಕಿಲೋಮೀಟರಿಗೂ ಆಳ ಇಳಿದರು. ಸಾವಿರಾರು ಕುಟುಂಬಗಳು ನೆಲೆಸಿದವು, ಶಾಲೆ ಆಸ್ಪತ್ರೆಗಳಾದವು. 2001ರಲ್ಲಿ ಗಣಿ ಮುಚ್ಚಿತು. ಊರಿನ ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋದರು. ಒಂದೇ ಕಸುಬನ್ನು ನಂಬಿ ಕಟ್ಟಿದ ಊರು ಕಸುಬು ನಿಂತಾಗ ಬದುಕಿಕೊಂಡದ್ದು ಆ ರೈಲಿನಿಂದ. ಮಂಗಳದ ವಸಾಹತಿಗೆ ಹಣ ಹಾಕುವವರು ಒಂದು ದಿನ ಕೈ ಚೆಲ್ಲಿದರೆ ಅಲ್ಲಿಯವರು ಯಾವ ರೈಲು ಹತ್ತಬೇಕು?

ಮನೆ ಕಟ್ಟುವುದು ಇವುಗಳ ಮುಂದೆ ಸುಲಭದ ಮಾತು. ಆಸ್ಟಿನ್‌ನ ಐಕಾನ್ ಕಂಪನಿ ಗಾರೆಯನ್ನು ಯಂತ್ರದಿಂದ ಪದರ ಪದರವಾಗಿ ಸುರಿದು ಜಾನ್ಸನ್ ಕೇಂದ್ರದೊಳಗೆ 1,700 ಚದರ ಅಡಿಯ ಮಂಗಳದ ಮನೆಯೊಂದನ್ನು ಕಟ್ಟಿಕೊಟ್ಟಿದೆ. 2023ರ ಜೂನ್ 25ರಿಂದ 2024ರ ಜುಲೈ 6ರವರೆಗೆ ನಾಲ್ವರು 378 ದಿನ ಅದರಲ್ಲಿ ಬಾಳಿದರು. ಮಾತು ತಲುಪಲು 22 ನಿಮಿಷ, ಉತ್ತರ ಬರಲು ಮತ್ತೆ 22 ನಿಮಿಷ ಎಂಬಂತೆ ಅಭ್ಯಾಸ ನಡೆಯಿತು. ಸ್ವಲ್ಪ ತರಕಾರಿಯನ್ನೂ ಬೆಳೆದರು. ಕೊನೆಯ ದಿನ ಬಾಗಿಲು ತೆರೆದಾಗ ಹೊರಗೆ ಹ್ಯೂಸ್ಟನ್ನಿನ ಗಾಳಿಯಿತ್ತು. ಪ್ರಯೋಗಕ್ಕೂ ವಸಾಹತಿಗೂ ಇರುವ ವ್ಯತ್ಯಾಸವೆಲ್ಲ ಆ ಬಾಗಿಲಿನಲ್ಲಿದೆ.

ಆ ಬಾಗಿಲಿನ ಬೀಗದ ಕೈ ಯಾರ ಬಳಿ ಇರಬೇಕು? ಅಪೊಲೊ 1 ಉರಿದ ದಿನವೇ, 1967ರ ಜನವರಿ 27ರಂದು, ಜಾನ್ಸನ್ನರ ಸಮಕ್ಷಮದಲ್ಲಿ ಬಾಹ್ಯಾಕಾಶ ಒಪ್ಪಂದಕ್ಕೆ ಸಹಿ ಬಿತ್ತು. ಯಾವ ರಾಷ್ಟ್ರವೂ ಅನ್ಯಗ್ರಹದ ನೆಲವನ್ನು ತನ್ನದೆನ್ನುವಂತಿಲ್ಲವೆಂದು ಅದು ಸಾರಿತು. 2015ರ ಅಮೆರಿಕದ ಕಾಯಿದೆ, ನೆಲ ನಿಮ್ಮದಲ್ಲದಿದ್ದರೂ ಅಗೆದು ತೆಗೆದದ್ದು ನಿಮ್ಮದು ಎಂದಿತು. ಗಾಳಿಯನ್ನು ತಯಾರಿಸುವವನಿಗೆ ಉಸಿರಾಡುವವರ ಮೇಲೆ ಎಷ್ಟು ಅಧಿಕಾರ? ಮುಷ್ಕರ ಹೂಡಿದವನ ಮನೆಗೆ ಗಾಳಿ ನಿಲ್ಲಿಸಬಹುದೆ? ಇದಕ್ಕೆ ಒಪ್ಪಂದದಲ್ಲಾಗಲಿ ಕಾಯಿದೆಯಲ್ಲಾಗಲಿ ಸ್ಪಷ್ಟ ಉತ್ತರವಿಲ್ಲ.

ಹಾಗಾದರೆ ಹೋಗಲೇಬಾರದೆ? ಹೋಗಬೇಕೆಂದೇ ನಮ್ಮ ಅಭಿಪ್ರಾಯ. ಅಂಟಾರ್ಕ್ಟಿಕಾಕ್ಕೆ ವಿಜ್ಞಾನಿಗಳು ಹೋಗಿ, ಇದ್ದು, ಅಳೆದು ಹಿಂದಿರುಗುವಂತೆ ಹೋಗಬೇಕು. ಆದರೆ ಹೋಗುವುದು ಬೇರೆ, ನೆಲೆಸುವುದು ಬೇರೆ. ಇದು ನಮ್ಮ ಕೂಟದವರಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ಎರಡು ಸೂಟ್‌ಕೇಸು ಹಿಡಿದು ಬಂದಾಗ ನಾವು ಬಂದವರು ಮಾತ್ರ. ಮಕ್ಕಳು ಹುಟ್ಟಿದ ಮೇಲೆ ನೆಲೆಸಿದವರಾದೆವು. ಆ ಮಕ್ಕಳು ಇಲ್ಲಿ ಹುಟ್ಟುತ್ತೇವೆಂದು ಅರ್ಜಿ ಹಾಕಿದವರಲ್ಲ. ನಾವು ಮಾಡಿದ ಆಯ್ಕೆಯನ್ನು ಅವರು ಬಾಳುತ್ತಿದ್ದಾರೆ. ಬೇಡವೆನಿಸಿದರೆ ಮೈಸೂರಿಗೋ ಧಾರವಾಡಕ್ಕೋ ಹೋಗಿ ಬದುಕಬಲ್ಲರು ಎಂಬುದೊಂದೇ ನಮಗೆ ಸಮಾಧಾನ. ಮಂಗಳದ ಗುರುತ್ವ ಇಲ್ಲಿಯದರ ಶೇಕಡಾ 38. ಅಲ್ಲಿ ಬೆಳೆದ ಮಗುವಿನ ಎಲುಬು, ಹೃದಯ ಹೇಗಿರುತ್ತವೆ, ಅದು ಭೂಮಿಗೆ ಬಂದು ಎದ್ದು ನಿಲ್ಲಬಲ್ಲುದೆ ಎಂಬುದಕ್ಕೆ ಯಾವ ಪ್ರಯೋಗದ ಆಧಾರವೂ ಇಲ್ಲ. ಇದು ತಿಳಿಯುವ ತನಕ ಅಲ್ಲಿ ಠಾಣ್ಯ ಹೂಡೋಣ, ತೊಟ್ಟಿಲು ಕಟ್ಟುವುದು ಬೇಡ.

ರಾಯರ ಮಾಪಕಕ್ಕೆ ಅರುವತ್ತು ವರ್ಷ ತುಂಬಿತು. ಅದು ಎತ್ತಿದ ವಿಕಿರಣದ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಅವಸರಪಡುವವರು ಇಷ್ಟನ್ನು ನೆನೆದರೆ ಸಾಕು. ಓದುಗರಲ್ಲಿ ಭಿನ್ನಾಭಿಪ್ರಾಯವುಳ್ಳವರು, ವಿಶೇಷವಾಗಿ ಹ್ಯೂಸ್ಟನ್ನಿನಲ್ಲಿ ಈ ಕೆಲಸದಲ್ಲೇ ತೊಡಗಿರುವ ನಮ್ಮ ಬಂಧುಗಳು, ಮುಂದಿನ ಸಂಚಿಕೆಗೆ ಬರೆದು ತಿದ್ದಬೇಕಾಗಿ ಪ್ರಾರ್ಥನೆ.