ಕಂಪ್ಯೂಟರ್‌ಗಳ ನಡುವೆ: ಫೋನೋ, ಚೀಟಿಯೋ?

ದೋಸ್ತರೇ, ಮೊದಲು ನಮ್ಮ ಮನೆ ಕಥಿ.

ನಮ್ಮ ಕಾಕಾ ಕಮಲಾಪುರದ ಹತ್ರ ಎರಡು ಎಕರೆ ಹೊಲ ತಗೊಂಡ್ರು. ರೊಕ್ಕ ಕೊಟ್ಟಾಯ್ತು, ನೋಂದಣಿನೂ ಆಯ್ತು. ಪಹಣಿ ತೆಗೆಸಿದ್ರೆ ಹಳೇ ಮಾಲೀಕರ ಹೆಸರೇ! ತೊಗರಿ ಬಿತ್ತನೆ ಹತ್ರ ಬಂದಿತ್ತು, ಪಹಣಿಯಲ್ಲಿ ಹೆಸರಿಲ್ಲದೆ ಬೆಳೆ ಸಾಲ ಸಿಗಲಿಲ್ಲ. "ಒಂದು ಕಂಪ್ಯೂಟರ್‌ಗೆ ಗೊತ್ತಿದ್ದದ್ದು ಇನ್ನೊಂದಕ್ಕ ಯಾಕ ಗೊತ್ತಿಲ್ಲ?" ಅಂದ್ರು ಕಾಕಾ. ಇವತ್ತಿನ ಪೋಸ್ಟ್ ಆ ಪ್ರಶ್ನೆ ಮೇಲೆ. 👉

2/ ಪಹಣಿ ಇರೋದು ಕಂದಾಯ ಇಲಾಖೆಯ 'ಭೂಮಿ'ಯಲ್ಲಿ. 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಕೈಬರಹದ ಪಹಣಿಗಳು ಕಂಪ್ಯೂಟರ್‌ಗೆ ಬಂದವು. ಶುರುವಿನಲ್ಲಿ ಪ್ರತಿ ತಾಲೂಕಿಗೂ ಬೇರೆ ಡೇಟಾಬೇಸ್. ಕಮಲಾಪುರ ತಾಲೂಕು ಆಗಿದ್ದು 2018ರಲ್ಲಿ, ಅದಕ್ಕೂ ಮೊದಲು ಕಲಬುರಗಿ ತಾಲೂಕಿನೊಳಗೇ ಇತ್ತು. ಆಸ್ತಿ ನೋಂದಣಿ ಇರೋದು ಇನ್ನೊಂದು ಇಲಾಖೆಯ 'ಕಾವೇರಿ'ಯಲ್ಲಿ. ಎರಡು ಇಲಾಖೆ, ಎರಡು ಸಾಫ್ಟ್‌ವೇರ್. ಇವು ಮಾತಾಡೋದು ಹೆಂಗ?

3/ ದಾರಿ ಎರಡು ಅವ.

ಒಂದು, ಫೋನ್ ಇದ್ದಂಗ. ಕೇಳು, ಉತ್ತರ ಬರೋವರೆಗೂ ಲೈನ್‌ನಲ್ಲೇ ಇರು. ಇದಕ್ಕೆ ರಿಮೋಟ್ ಪ್ರೊಸೀಜರ್ ಕಾಲ್ ಅಂತಾರೆ. ಅಮೆರಿಕದ ಜೆರಾಕ್ಸ್ ಪಾರ್ಕ್‌ನ ಬಿರೆಲ್ ಮತ್ತು ನೆಲ್ಸನ್ 1984ರಲ್ಲಿ ಬರೆದ ಪ್ರಬಂಧದಿಂದ ಇದು ಹೆಸರಾಯ್ತು. ತೊಂದರೆ ಏನಂದ್ರೆ, ನಡುವೆ ಲೈನ್ ಕಟ್ಟಾದರೆ ಆ ಕಡೆ ಕೆಲಸ ಆಯ್ತೋ ಇಲ್ಲೋ ತಿಳಿಯಲ್ಲ.

ಇನ್ನೊಂದು, ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ ಕಂಡಕ್ಟರ್ ಕೈಯಲ್ಲಿ ಚೀಟಿ ಕೊಟ್ಟು ಕಳಿಸಿದಂಗ. ಕೊಟ್ಟು ನೀವು ನಿಮ್ಮ ಕೆಲಸಕ್ಕೆ ಹೋಗ್ರಿ. ಆ ಕಡೆಯವರು ಸರದಿ ಬಂದಾಗ ಓದ್ತಾರೆ. ಇದು ಮೆಸೇಜ್ ಕ್ಯೂ. 1993ರಲ್ಲಿ ಐಬಿಎಂ ಇದಕ್ಕಂತಲೇ ಎಂಕ್ಯೂಸೀರೀಸ್ ತಂತು.

4/ ಈಗ ಹೊಲಕ್ಕೆ ಬರೋಣ. ನೋಂದಣಿ ವೇಳೆ ಮಾರೋರ ಹೆಸರು ಪಹಣಿಯಲ್ಲಿ ಅದನೋ ಇಲ್ಲೋ ನೋಡಬೇಕು. ಉತ್ತರ ಅಲ್ಲೇ ಬೇಕು. ಇದು ಫೋನ್ ಕೆಲಸ.

ನೋಂದಣಿ ಆದಮೇಲೆ ಕಾವೇರಿಯಿಂದ ಭೂಮಿಗೆ 'ಜೆ ಸ್ಲಿಪ್' ಹೋಗ್ತದೆ. ಹಿಂದೆ ಈ ಸುದ್ದಿ ಕಾಗದದಲ್ಲಿ ಹೋಗ್ತಿತ್ತು, ಈಗ ನೆಟ್‌ವರ್ಕ್‌ನಲ್ಲಿ. ಆದರೆ ಹೆಸರು ತಕ್ಷಣ ಬದಲಾಗಲ್ಲ. ನೋಟಿಸ್ ಆಗಬೇಕು, ತಕರಾರು ಇದ್ದವರಿಗೆ ಸಮಯ ಕೊಡಬೇಕು. ಅಷ್ಟು ದಿನ ಯಾವ ಕಂಪ್ಯೂಟರ್ ಲೈನ್ ಹಿಡಿದು ಕೂಡ್ತದ? ಇದು ಚೀಟಿ ಕೆಲಸ. ಭೂಮಿಯಲ್ಲಿ ಮ್ಯುಟೇಶನ್ ನಿಯಮನೂ ಹಂಗೇ: ಮೊದಲು ಬಂದದ್ದು ಮೊದಲು.

5/ ಬಿಕಾಂನವರಿಗೆ ಇದು ಹೊಸದಲ್ರಿ. ಜರ್ನಲ್‌ನಲ್ಲಿ ಬರೆದದ್ದು ಲೆಡ್ಜರ್‌ಗೆ ಪೋಸ್ಟ್ ಆಗೋವರೆಗೂ ಖಾತೆಯಲ್ಲಿ ಕಾಣಲ್ಲ. ಕಾಕಾನ ಹೆಸರು ಕಳೆದಿರಲಿಲ್ಲ, ಜರ್ನಲ್‌ನಲ್ಲೇ ಇತ್ತು. ಪೋಸ್ಟಿಂಗ್ ಬಾಕಿ ಇತ್ತು, ಅಷ್ಟೇ.

ಆದರೆ ಅದನ್ನ ಅವರಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಆ ಹಂಗಾಮಿಗೆ ಕೈಸಾಲ ಮಾಡಿದ್ರು, ಬಡ್ಡಿನೂ ಕಟ್ಟಿದ್ರು. ಹೆಸರು ಬಂತು, ಬಿತ್ತನೆ ಮುಗಿದಮೇಲೆ. ಚೀಟಿ ದಾರಿ ಆರಿಸಿದ್ದು ತಪ್ಪಲ್ಲ. ಚೀಟಿ ಎಲ್ಲಿಗೆ ಬಂದದ ಅಂತ ರೈತನಿಗೆ ತಿಳಿಸೋದೂ ಆ ದಾರಿಯ ಭಾಗವೇ.

ನಿಮ್ಮ ಮನೆ ಪಹಣಿಯಲ್ಲಿ ಯಾರ ಹೆಸರದ? ಇವತ್ತೇ ಕೇಳಿ ನೋಡ್ರಿ, ಕಾಮೆಂಟ್‌ನಲ್ಲಿ ಹೇಳ್ರಿ. 🌾

#ಕಲಬುರಗಿ #ಕಮಲಾಪುರ #ಪಹಣಿ