ಮಗುವಿನ ತೂಕ, ತಾಯಿಯ ಮೇಲಿನ ದೂರು

ಆಡಿ ಓಡಿಕೊಂಡಿರುವ ಮಗು ಏಕಾಏಕಿ ದಪ್ಪಗಾಗತೊಡಗಿದರೆ ಮೊದಲು ಮಾತು ಕೇಳಬೇಕಾದವಳು ತಾಯಿ. ಏನು ತಿನ್ನಿಸುತ್ತೀಯಮ್ಮ ಎಂಬ ಆ ಪ್ರಶ್ನೆಗೆ ವೈದ್ಯಶಾಸ್ತ್ರದಲ್ಲೂ ಒಂದು ಶತಮಾನದ ಚರಿತ್ರೆಯಿದೆ.

1901ರಲ್ಲಿ ವಿಯೆನ್ನಾದ ವೈದ್ಯ ಆಲ್‌ಫ್ರೆಡ್ ಫ್ರೋಲಿಖ್ 14 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. ಅವನಿಗೆ ತಲೆನೋವಿತ್ತು, ಕಣ್ಣು ಮಂಜಾಗುತ್ತಿತ್ತು, ತೂಕ ಏರುತ್ತಿತ್ತು. ಕಾರಣ ಪಿಟ್ಯುಟರಿ ಗ್ರಂಥಿಯ ಬಳಿಯ ಗಡ್ಡೆ. ಆದರೆ ಮುಂದಿನ ದಶಕಗಳಲ್ಲಿ ಗಡ್ಡೆಯ ಸುಳಿವೇ ಇಲ್ಲದ ದಪ್ಪ ಮಕ್ಕಳಿಗೂ ಫ್ರೋಲಿಖ್ ಹೆಸರಿನ ಕಾಯಿಲೆಯ ಹಣೆಪಟ್ಟಿ ಅಂಟಿಸುವುದು ರೂಢಿಯಾಯಿತು.

ಈ ರೂಢಿಯನ್ನು ಪ್ರಶ್ನಿಸಿದವರು ಹಿಲ್ಡೆ ಬ್ರೂಖ್. ನಾಜಿ ಜರ್ಮನಿ ತೊರೆದು ನ್ಯೂಯಾರ್ಕ್ ಸೇರಿದ್ದ ಈ ಮಕ್ಕಳ ವೈದ್ಯೆ 1930ರ ದಶಕದ ಕೊನೆಯಲ್ಲಿ ದಪ್ಪ ಮಕ್ಕಳ ಎತ್ತರ, ಬೆಳವಣಿಗೆ ಎಲ್ಲವನ್ನೂ ಅಳೆದರು. ಬಹುಪಾಲು ಮಕ್ಕಳು ಓರಗೆಯವರಿಗಿಂತ ಎತ್ತರವಾಗಿಯೇ ಇದ್ದರು. ಗ್ರಂಥಿ ಕೆಟ್ಟಿದ್ದರೆ ಬೆಳವಣಿಗೆ ಕುಂಠಿತವಾಗಬೇಕಿತ್ತು. ಅಲ್ಲಿಂದ ಬ್ರೂಖ್ ಅವರ ದೃಷ್ಟಿ ಮನೆಯೊಳಗೆ ಹೊರಳಿತು. ಪ್ರೀತಿಯ ಕೊರತೆಯನ್ನು ಊಟದಿಂದ ತುಂಬುವ ತಾಯಂದಿರ ಚಿತ್ರವನ್ನು ಅವರು ಬರೆದರು. ಗ್ರಂಥಿಯ ಮೇಲಿದ್ದ ದೂರು ತಾಯಿಯ ಹೆಗಲೇರಿತು.

ಉತ್ತರದ ಇನ್ನೊಂದು ಎಳೆ ಸಿಕ್ಕಿದ್ದು ಇಲಿಗಳಲ್ಲಿ.

1949ರ ಬೇಸಿಗೆಯಲ್ಲಿ ಅಮೆರಿಕದ ಮೇಯ್ನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಲ್ಲಿ ಕೆಲವು ಇಲಿಮರಿಗಳು ವಿಪರೀತ ಕೊಬ್ಬಿದವು. ಅದೇ ಪ್ರಯೋಗಾಲಯದ ಡಗ್ಲಸ್ ಕೋಲ್ಮನ್ ಮುಂದೆ ಅಂಥ ಇಲಿಯ ರಕ್ತಸಂಚಾರವನ್ನು ಸಾಮಾನ್ಯ ಇಲಿಯದರ ಜೊತೆ ಜೋಡಿಸಿದರು. ಕೊಬ್ಬಿದ ಇಲಿ ತಿನ್ನುವುದನ್ನು ಕಡಿಮೆ ಮಾಡಿತು. ಹೊಟ್ಟೆ ತುಂಬಿತೆಂದು ಹೇಳುವ ಯಾವುದೋ ವಸ್ತು ರಕ್ತದಲ್ಲಿದೆ, ಈ ಇಲಿಗೆ ಅದಿಲ್ಲ ಎಂದು ಕೋಲ್ಮನ್ ತರ್ಕಿಸಿದರು. 1994ರಲ್ಲಿ ಜೆಫ್ರಿ ಫ್ರೀಡ್ಮನ್ ತಂಡ ಅದರ ಜೀನನ್ನು ಗುರುತಿಸಿತು. ಕೊಬ್ಬಿನ ಕೋಶಗಳೇ ತಯಾರಿಸಿ ಮಿದುಳಿಗೆ ಕಳಿಸುವ ಆ ಹಾರ್ಮೋನು ಲೆಪ್ಟಿನ್.

ಮೂರೇ ವರ್ಷದಲ್ಲಿ ಮಾತು ಮಕ್ಕಳಿಗೆ ಬಂತು. ಕೇಂಬ್ರಿಜ್‌ನ ಸ್ಟೀಫನ್ ಓ'ರಾಹಿಲಿ ಮತ್ತು ಸದಫ್ ಫಾರೂಕಿ ಅವರಿದ್ದ ತಂಡ ಪಾಕಿಸ್ತಾನ ಮೂಲದ ಕುಟುಂಬವೊಂದರ ಇಬ್ಬರು ಮಕ್ಕಳನ್ನು ಪರೀಕ್ಷಿಸಿತು: 86 ಕಿಲೋ ತೂಗುತ್ತಿದ್ದ 8 ವರ್ಷದ ಹುಡುಗಿ, 29 ಕಿಲೋ ತೂಗುತ್ತಿದ್ದ ಅವಳ 2 ವರ್ಷದ ದಾಯಾದಿ ತಮ್ಮ. ಹುಟ್ಟಿದಾಗ ಇಬ್ಬರ ತೂಕವೂ ಸಾಮಾನ್ಯವಾಗಿತ್ತು. ಹುಡುಗಿಯ ಕಾಲಿನ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯೂ ನಡೆದಿತ್ತು. ಇಬ್ಬರ ರಕ್ತದಲ್ಲೂ ಲೆಪ್ಟಿನ್ ಇಲ್ಲವೆನ್ನುವಷ್ಟು ಕಡಿಮೆ. ದಿನವೂ ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಆ ಹುಡುಗಿ 12 ತಿಂಗಳಲ್ಲಿ 16.4 ಕಿಲೋ ಇಳಿದಳು. ಹಸಿವು ಹಿಡಿತಕ್ಕೆ ಬಂದಿತ್ತು.

ಇಬ್ಬರು ಮಕ್ಕಳ ಅಪ್ಪ-ಅಮ್ಮಂದಿರೂ ರಕ್ತಸಂಬಂಧದಲ್ಲಿ ಮದುವೆಯಾದವರು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ವಾಡಿಕೆಯಿರುವ ಕರ್ನಾಟಕಕ್ಕೂ ಇದು ಹತ್ತಿರದ ಸಂಗತಿ: ಇಬ್ಬರಿಂದಲೂ ಒಂದೇ ದೋಷ ಇಳಿದು ಬಂದರೆ ಮಾತ್ರ ಕಾಣಿಸುವ ಕಾಯಿಲೆಗಳು ಅಂಥ ಮನೆಗಳಲ್ಲಿ ಹೆಚ್ಚು.

ಇಷ್ಟಾದರೂ ದೂರು ನಿಂತಿರಲಿಲ್ಲ. ಫಾರೂಕಿ ತಂಡದ ಇನ್ನೊಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅದರಲ್ಲಿ 16ನೇ ಕ್ರೋಮೋಸೋಮಿನ ತುಣುಕು ಕಳೆದುಕೊಂಡಿದ್ದ ಕೆಲವು ಮಕ್ಕಳ ಹೆಸರು ಬ್ರಿಟನ್ನಿನ ಸಮಾಜ ಸೇವಾ ವಿಭಾಗದ 'ಅಪಾಯದಲ್ಲಿರುವ ಮಕ್ಕಳ' ಪಟ್ಟಿಯಲ್ಲಿತ್ತು. ಹೆತ್ತವರೇ ಬೇಕೆಂದು ಅತಿಯಾಗಿ ತಿನ್ನಿಸುತ್ತಿದ್ದಾರೆಂಬುದು ಅಧಿಕಾರಿಗಳ ಊಹೆಯಾಗಿತ್ತು. ಕಾರಣ ಗೊತ್ತಾದ ಮೇಲೆ ಆ ಹೆಸರುಗಳನ್ನು ತೆಗೆದರು.

ಇಂಥ ಜೀನ್ ದೋಷ ಅಪರೂಪ. ಬಹುಪಾಲು ಮಕ್ಕಳ ತೂಕಕ್ಕೆ ಊಟ, ನಿದ್ದೆ, ಮನೆತನದ ಮೈಕಟ್ಟು ಎಲ್ಲವೂ ಕೂಡಿ ಕಾರಣ. ಆದರೂ ಬ್ರೂಖ್ ಹಿಡಿದ ಅಳತೆಪಟ್ಟಿ ಇಂದಿಗೂ ಬೇಕು. ತೂಕ ಏರುತ್ತಾ ಎತ್ತರ ನಿಂತುಹೋದರೆ ವೈದ್ಯರು ಥೈರಾಯ್ಡ್ ಮತ್ತು ಕಾರ್ಟಿಸೋಲ್ ನೋಡುತ್ತಾರೆ, ಸ್ಟೀರಾಯ್ಡ್‌ನಂಥ ಔಷಧಿ ನಡೆಯುತ್ತಿದೆಯೇ ಎಂದು ವಿಚಾರಿಸುತ್ತಾರೆ. ಐದು ವರ್ಷ ತುಂಬುವ ಮೊದಲೇ ಮೈ ಬಂದು, ಎಷ್ಟು ಉಂಡರೂ ಹಸಿವು ಹಿಂಗದ ಮಗುವಿಗೆ ಜೀನ್ ಪರೀಕ್ಷೆ ಮಾಡಿಸುತ್ತಾರೆ. ಲೆಪ್ಟಿನ್‌ನ ಸಂದೇಶ ಮಿದುಳಿನಲ್ಲಿ ಮುಂದೆ ಸಾಗದ ಕೆಲವು ಮಕ್ಕಳಿಗಾಗಿ ಸೆಟ್‌ಮೆಲನೋಟೈಡ್ ಎಂಬ ಚುಚ್ಚುಮದ್ದಿಗೆ 2020ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ.